ಹಂಚಿಕೊಂಡ ಮಾಹಿತಿ, ಮರೆಯಬಾರದ ಹಕ್ಕು

ಕಳ್ಳನಿಗಿಲ್ಲದ ಗಡಿ ಪೊಲೀಸರಿಗೆ ಮಾತ್ರ ಇದ್ದರೆ ಲಾಭ ಯಾರಿಗೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 1985ರಲ್ಲಿ ಲಕ್ಸೆಂಬರ್ಗ್‌ನ ಷೆಂಗೆನ್ ಎಂಬ ಪುಟ್ಟ ಗ್ರಾಮದಲ್ಲಿ ಯುರೋಪಿನ ಐದು ರಾಷ್ಟ್ರಗಳು ತಮ್ಮೊಳಗಿನ ಗಡಿ ತಪಾಸಣೆಯನ್ನು ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದವು. ಬಾಗಿಲು ತೆರೆದಿಟ್ಟ ಮೇಲೆ ಕಾವಲು ಬೇರೆ ರೀತಿಯಲ್ಲಿ ನಡೆಯಬೇಕಲ್ಲವೇ? ಅದಕ್ಕಾಗಿ 1995ರಲ್ಲಿ ಷೆಂಗೆನ್ ಮಾಹಿತಿ ವ್ಯವಸ್ಥೆ ಜಾರಿಗೆ ಬಂತು. ಬಂಧನ ವಾರಂಟ್ ಇರುವವರು, ಕಾಣೆಯಾದ ಮಕ್ಕಳು, ಕದ್ದ ವಾಹನ, ಕಳೆದುಹೋದ ಪಾಸ್‌ಪೋರ್ಟ್ ಮುಂತಾದವುಗಳ ವಿವರವನ್ನು ಒಂದು ದೇಶ ದಾಖಲಿಸಿದರೆ ಉಳಿದ ದೇಶಗಳ ಪೊಲೀಸರಿಗೂ ಅದು ಕೂಡಲೇ ಸಿಗುತ್ತದೆ.

ಇದರಲ್ಲಿ ಪಾಲ್ಗೊಳ್ಳಲು ಐರ್ಲೆಂಡ್ 2000ದಲ್ಲೇ ಕೋರಿಕೆ ಸಲ್ಲಿಸಿ 2002ರಲ್ಲಿ ಒಪ್ಪಿಗೆ ಪಡೆದಿತ್ತು. ಆದರೆ ಸಂಪರ್ಕ ಕೂಡಿ ಬಂದದ್ದು 2021ರ ಮಾರ್ಚ್ 15ರಂದು, ಅಂದರೆ 19 ವರ್ಷಗಳ ಬಳಿಕ! ವಿಪರ್ಯಾಸವೆಂದರೆ, 2015ರಲ್ಲಿ ಸೇರಿದ್ದ ನೆರೆಯ ಬ್ರಿಟನ್, ಯುರೋಪಿಯನ್ ಒಕ್ಕೂಟದ ನಂಟು ಕಡಿದುಕೊಂಡ ಕಾರಣ 2020ರ ಡಿಸೆಂಬರ್ 31ರಂದು ಇದರಿಂದ ಹೊರಬಿದ್ದಿತ್ತು. 2019ರ ಒಂದೇ ವರ್ಷದಲ್ಲಿ ಬ್ರಿಟಿಷ್ ಪೊಲೀಸರು ಈ ದಾಖಲೆಗಳನ್ನು 60 ಕೋಟಿಗೂ ಹೆಚ್ಚು ಬಾರಿ ಜಾಲಾಡಿದ್ದರು. ಒಬ್ಬರು ಬಿಟ್ಟುಕೊಟ್ಟದ್ದರ ಬೆಲೆಯನ್ನು ಇನ್ನೊಬ್ಬರು ಅರಿತರು ಎನ್ನಬೇಕು.

ಮಾಹಿತಿ ಹಂಚಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ಮುಂಬಯಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ದಾವೂದ್ ಗಿಲಾನಿ ಎಂಬಾತ 2006ರಲ್ಲಿ ಅಮೆರಿಕದಲ್ಲಿ ಡೇವಿಡ್ ಹೆಡ್ಲಿ ಎಂದು ಹೆಸರು ಬದಲಿಸಿ, ಹೊಸ ಪಾಸ್‌ಪೋರ್ಟ್ ಹಿಡಿದು ಈ ನಗರಕ್ಕೆ ಹಲವು ಬಾರಿ ಬಂದುಹೋದ. 2008ರ ನವೆಂಬರ್ 26ರ ದಾಳಿಗೆ ಸ್ಥಳಗಳನ್ನು ನೋಡಿಕೊಟ್ಟವನು ಅವನೇ. ಅವನ ಪತ್ನಿಯರು ಅಮೆರಿಕದ ಅಧಿಕಾರಿಗಳಿಗೆ ಮೊದಲೇ ಎಚ್ಚರಿಕೆ ನೀಡಿದ್ದರೂ, ಇಲ್ಲಿನ ತಪಾಸಣೆಯ ಮೇಜಿನ ಮುಂದೆ ಅವನು ಒಬ್ಬ ಸಾಮಾನ್ಯ ಅಮೆರಿಕನ್ ಪ್ರಜೆಯಷ್ಟೇ ಆಗಿದ್ದ.

ಹಾಗೆಂದು ಮಾಹಿತಿ ಕಲೆಹಾಕಿದರಷ್ಟೇ ಸಾಲದು. ಲೆಡ್ಜರಿನಲ್ಲಿ ಒಂದು ತಪ್ಪು ಅಂಕಿ ಸೇರಿದರೆ ಅದು ಪುಟದಿಂದ ಪುಟಕ್ಕೆ ಮುಂದುವರಿಯುತ್ತದೆ. ಹಾಗೆಯೇ ಒಂದು ದೇಶದ ಕಚೇರಿಯಲ್ಲಾದ ತಪ್ಪು ನಮೂದು ಮೂವತ್ತರಷ್ಟು ದೇಶಗಳಲ್ಲಿ ಒಬ್ಬ ನಿರಪರಾಧಿಯನ್ನು ತಡೆದು ನಿಲ್ಲಿಸಬಹುದು. ಇದನ್ನರಿತೇ ಯುರೋಪಿನ ಕಾನೂನು, ತನ್ನ ಬಗ್ಗೆ ಏನು ದಾಖಲಾಗಿದೆ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ, ಅಕ್ರಮವಾಗಿದ್ದರೆ ಅಳಿಸಿಹಾಕಿಸುವ ಹಕ್ಕನ್ನು ಯಾವ ದೇಶದ ಪ್ರಜೆಗಾದರೂ ನೀಡಿದೆ. ತನಿಖೆಗೆ ಅಡ್ಡಿಯಾಗುವ ವಿವರಗಳನ್ನು ಮಾತ್ರ ತಡೆಹಿಡಿಯಬಹುದು. ಬೇರೊಬ್ಬನು ಗುರುತನ್ನು ಕದ್ದು ಬಳಸಿದಾಗ, ನಿಜವಾದ ವ್ಯಕ್ತಿಯ ಒಪ್ಪಿಗೆ ಪಡೆದು ಅವನ ವಿವರವನ್ನು ಪ್ರತ್ಯೇಕವಾಗಿ ಸೇರಿಸುವ ಏರ್ಪಾಡೂ ಇದೆ.

ಮಕ್ಕಳನ್ನು ಕಲಿಕೆಗೆ, ಉದ್ಯೋಗಕ್ಕೆ ಅತ್ತ ಕಳುಹಿಸುವ ತುಳು-ಕನ್ನಡಿಗರು ಕೆಲವು ವಿಷಯಗಳನ್ನು ಗಮನದಲ್ಲಿಡುವುದು ಒಳಿತು. ಐರ್ಲೆಂಡ್ ಸೇರಿದ್ದು ಮಾಹಿತಿ ವ್ಯವಸ್ಥೆಗೇ ಹೊರತು ಗಡಿರಹಿತ ಷೆಂಗೆನ್ ವಲಯಕ್ಕಲ್ಲ. ಡಬ್ಲಿನ್‌ಗೆಂದು ಪಡೆದ ವೀಸಾ ಪ್ಯಾರಿಸ್‌ನಲ್ಲಿ ನಡೆಯದು, ಪ್ಯಾರಿಸ್‌ನದು ಡಬ್ಲಿನ್‌ನಲ್ಲಿ ನಡೆಯದು. ಪಾಸ್‌ಪೋರ್ಟ್ ಕಳೆದರೆ ತಡಮಾಡದೆ ದೂರು ಕೊಡಬೇಕು. ದೂರು ಕೊಟ್ಟ ಮೇಲೆ ಅದು ಸಿಕ್ಕಿದರೂ ಅದರಲ್ಲಿ ಪ್ರಯಾಣಿಸಬಾರದು. ಎಲ್ಲಕ್ಕಿಂತ ಮುಖ್ಯವಾದುದು ಹೆಸರು. ಊರಿನ ಶಾಲೆಯ ಸರ್ಟಿಫಿಕೇಟಿನಲ್ಲಿ ಇನಿಷಿಯಲ್, ಮುಂಬಯಿಯ ರೇಷನ್ ಕಾರ್ಡಿನಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಮೂರನೆಯದೇ ಒಂದು ಕ್ರಮ. ಮನೆಯವರಿಗೆ ಒಬ್ಬನೇ ಮಗನಾದವನು ಕಂಪ್ಯೂಟರಿಗೆ ಮೂವರಾಗಿ ಕಾಣುತ್ತಾನೆ. ಇದನ್ನು ಹೊರಡುವ ಮೊದಲೇ ಸರಿಪಡಿಸಿಕೊಳ್ಳುವುದು ಜಾಣತನ.

ಅಪರಾಧಿಯನ್ನು ಹಿಡಿಯುವ ಬಲೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿ ಸಿಕ್ಕಿಬಿದ್ದ ಅಮಾಯಕನ ಮಾತು ಕೇಳುವವರೂ ಇರಬೇಕು. ಭಾರತ ಅನ್ಯ ರಾಷ್ಟ್ರಗಳೊಡನೆ ಮಾಹಿತಿ ಹಂಚಿಕೆಯ ಒಪ್ಪಂದಕ್ಕೆ ಕುಳಿತಾಗಲೆಲ್ಲ ಇವೆರಡನ್ನೂ ಒಟ್ಟಿಗೇ ಕೇಳಿ ಪಡೆಯಬೇಕು.