ಕಾವಲುಗಾರನ ಕಣ್ಣಿಗೆ ಮಣ್ಣೆರಚುವ ಕೋಶ

ಸ್ತನದಲ್ಲಿ ಹುಟ್ಟಿದ ಕ್ಯಾನ್ಸರ್ ಕೆಲವು ವರ್ಷಗಳ ನಂತರ ಮೂಳೆಯಲ್ಲಿ ಕಾಣಿಸಿಕೊಳ್ಳುವುದುಂಟು. ಅದು ಅಲ್ಲಿಗೆ ಹೋದದ್ದು ಹೇಗೆ? ಮುಳ್ಳು ಚುಚ್ಚಿದಾಗ ಒಳಹೊಕ್ಕ ರೋಗಾಣುಗಳನ್ನು ಹೊಡೆದುರುಳಿಸುವ ನಮ್ಮ ದೇಹದ ರಕ್ಷಣಾ ಪಡೆ ಇದನ್ನೇಕೆ ತಡೆಯಲಿಲ್ಲ?

ಕ್ಯಾನ್ಸರ್ ಹೊರಗಿನಿಂದ ಬಂದ ಶತ್ರುವಲ್ಲ. ವಂಶವಾಹಿಗಳು ಕೆಟ್ಟು ಅಂಕೆಯಿಲ್ಲದೆ ವಿಭಜನೆಗೊಳ್ಳುವ ನಮ್ಮದೇ ಜೀವಕೋಶ ಅದು. ಸಹಜ ಕೋಶಗಳು ನೆರೆಯ ಕೋಶಗಳಿಗೆ ಅಂಟಿಕೊಂಡು ತಮ್ಮ ಜಾಗದಲ್ಲೇ ಇರುತ್ತವೆ. ಕ್ಯಾನ್ಸರ್ ಕೋಶ ಈ ಅಂಟನ್ನು ಬಿಡಿಸಿಕೊಂಡು, ಕಿಣ್ವಗಳಿಂದ ಸುತ್ತಲಿನ ಅಂಗಾಂಶವನ್ನು ಕರಗಿಸಿ, ರಕ್ತನಾಳಕ್ಕೋ ದುಗ್ಧನಾಳಕ್ಕೋ ನುಸುಳುತ್ತದೆ.

ಹೀಗೆ ಹೊರಟ ಕೋಶಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯುತ್ತವೆ. ಬೆರಳೆಣಿಕೆಯಷ್ಟು ಮಾತ್ರ ಹೊಸ ಅಂಗದಲ್ಲಿ ಬೇರೂರುತ್ತವೆ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ಸತ್ತ 735 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, 1889ರಲ್ಲೇ ಇದನ್ನು ಬೀಜಕ್ಕೂ ನೆಲಕ್ಕೂ ಹೋಲಿಸಿದ್ದರು. ಬೀಜ ಎಲ್ಲೆಡೆ ಚೆಲ್ಲಿದರೂ ಒಗ್ಗುವ ನೆಲದಲ್ಲಷ್ಟೇ ಮೊಳೆಯುತ್ತದೆ.

ಇನ್ನು ಕಾವಲಿನ ಮಾತು. ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಇತರ ಕೋಶಗಳ ಮೈಮೇಲಿನ ಪ್ರೋಟೀನ್ ತುಣುಕುಗಳನ್ನು ಗುರುತಿನ ಚೀಟಿಯಂತೆ ಪರೀಕ್ಷಿಸುತ್ತವೆ. ಕೆಲವು ಕ್ಯಾನ್ಸರ್ ಕೋಶಗಳು ಆ ಚೀಟಿಯನ್ನೇ ಬಚ್ಚಿಡುತ್ತವೆ. ಮತ್ತೆ ಕೆಲವು, ಟಿ ಕೋಶದ ಬ್ರೇಕನ್ನೇ ಒತ್ತಿಬಿಡುತ್ತವೆ! ಕಾವಲು ಪಡೆ ನಮ್ಮ ಮೈಮೇಲೆಯೇ ಎರಗದಿರಲೆಂದು ಪ್ರಕೃತಿ ಇಟ್ಟಿರುವ ಬ್ರೇಕು ಅದು. ಇಂಥ ಒಂದು ಬ್ರೇಕಾದ 'ಪಿಡಿ-1' ಅನ್ನು ಜಪಾನಿನ ತಸುಕು ಹೊಂಜೊ ತಂಡ 1992ರಲ್ಲಿ ಪತ್ತೆಮಾಡಿತು. ಇನ್ನೊಂದು ಬ್ರೇಕನ್ನು ಸಡಿಲಿಸಿದರೆ ಇಲಿಗಳ ಗಂಟು ಕರಗುತ್ತದೆಂದು ಅಮೆರಿಕದ ಜೇಮ್ಸ್ ಆಲಿಸನ್ 1996ರಲ್ಲಿ ತೋರಿಸಿದರು. 2018ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ತತ್ವದ ಔಷಧಗಳು ಈಗ ಬಳಕೆಯಲ್ಲಿವೆ. ಆದರೆ ಎಲ್ಲ ರೋಗಿಗಳಿಗೂ ಅವು ಫಲಿಸುವುದಿಲ್ಲ. ಬ್ರೇಕು ಸಡಿಲವಾದಾಗ ಕಾವಲು ಪಡೆ ಆರೋಗ್ಯವಂತ ಅಂಗಗಳ ಮೇಲೆ ಎರಗುವ ಅಪಾಯವೂ ಇದೆ.

ಹಾಗಾಗಿ ಕ್ಯಾನ್ಸರ್ ಹರಡುವ ಮೊದಲೇ ಹಿಡಿಯುವುದು ಜಾಣತನ. ನೋವಿಲ್ಲದ ಗಂಟು, ಬಾಯಲ್ಲಿ ವಾರಗಟ್ಟಲೆ ಮಾಯದ ಹುಣ್ಣು ಕಂಡರೆ ವೈದ್ಯರಿಗೆ ತೋರಿಸಿ. 'ಗಂಟಿಗೆ ಸೂಜಿ ತಾಗಿಸಿದರೆ ರೋಗ ಹರಡುತ್ತದೆ' ಎಂದು ಹೆದರಿ ಪರೀಕ್ಷೆಯನ್ನೇ ಬೇಡವೆನ್ನುವವರಿದ್ದಾರೆ. ಸೂಜಿಯಿಂದ ಹಾಗಾಗುವುದು ತೀರಾ ಅಪರೂಪ. ತಡಮಾಡಿದರೆ ಆಗುವ ಕೇಡೇ ದೊಡ್ಡದು. ಮನೆಯಲ್ಲಿ ಹಿರಿಯರು ಹಿಂಜರಿದರೆ, ವಿದ್ಯಾರ್ಥಿಗಳೇ, ಇಷ್ಟನ್ನು ನೀವೇ ತಿಳಿಸಿ ಹೇಳಿ.