ದೇಣಿಗೆಯ ಪಟ್ಟಿ ಮತ್ತು ವರ್ತಕನ ಹೆಸರು

ಚುನಾವಣಾ ಬಾಂಡ್ ಯೋಜನೆಯು ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರುವರಿ 15ರಂದು ತೀರ್ಪಿತ್ತಿತು. ಅದರಂತೆ ಚುನಾವಣಾ ಆಯೋಗವು ಮಾರ್ಚ್ 14ರಂದು ಎರಡು ಪಟ್ಟಿಗಳನ್ನು ಪ್ರಕಟಿಸಿತು. ಒಂದರಲ್ಲಿ ಬಾಂಡ್ ಕೊಂಡವರ ಹೆಸರು, ದಿನಾಂಕ ಮತ್ತು ಮೊಬಲಗು. ಇನ್ನೊಂದರಲ್ಲಿ ಅದನ್ನು ನಗದೀಕರಿಸಿಕೊಂಡ ಪಕ್ಷ, ದಿನಾಂಕ ಮತ್ತು ಮೊಬಲಗು. ಇವೆರಡನ್ನೂ ಜೋಡಿಸುವ ಬಾಂಡ್ ಸಂಖ್ಯೆ ಮಾತ್ರ ಎರಡರಲ್ಲಿಯೂ ಇರಲಿಲ್ಲ. ನಮ್ಮ ಅಂಗಡಿಗಳ ಯಾವ ಗುಮಾಸ್ತನೂ ಇದನ್ನು ಲೆಕ್ಕವೆಂದು ಒಪ್ಪಲಾರನು. ಆ ಸಂಖ್ಯೆಗಳು ಹೊರಬಂದದ್ದು ಮಾರ್ಚ್ 21ರಂದು.

ನಡುವಿನ ಆ ಒಂದು ವಾರ ಊಹೆಗಳದೇ ರಾಜ್ಯಭಾರ. ಪಟ್ಟಿಯಲ್ಲಿ 'ಹಬ್ ಪವರ್ ಕಂಪನಿ' ಎಂಬ ಹೆಸರೊಂದಿತ್ತು. ಪಾಕಿಸ್ತಾನದಲ್ಲಿ ಅದೇ ಹೆಸರಿನ ವಿದ್ಯುತ್ ಕಂಪನಿಯೊಂದಿದೆ. ಅಷ್ಟರಿಂದಲೇ ಪಾಕಿಸ್ತಾನದ ಹಣ ಭಾರತದ ಪಕ್ಷಗಳಿಗೆ ಹರಿದುಬಂದಿತೆಂಬ ವದಂತಿ ದೇಶವೆಲ್ಲ ಹಬ್ಬಿ, ತನಗೂ ಬಾಂಡುಗಳಿಗೂ ಸಂಬಂಧವಿಲ್ಲವೆಂದು ಆ ಕಂಪನಿಯು ಸ್ಪಷ್ಟೀಕರಣ ನೀಡಬೇಕಾಯಿತು. ನಮ್ಮ ರಾಜ್ಯದಲ್ಲಿ ಮಂಜುನಾಥ ಟ್ರೇಡರ್ಸ್, ಲಕ್ಷ್ಮೀ ಇಂಡಸ್ಟ್ರೀಸ್ ಎಂಬ ನಾಮಫಲಕಗಳು ಎಷ್ಟಿಲ್ಲ? ದೊಡ್ಡ ಸಂಸ್ಥೆಗೆ ಹೇಳಿಕೆ ಹೊರಡಿಸಲು ವಕೀಲರಿರುತ್ತಾರೆ. ಸಣ್ಣ ಘಟಕದ ಮಾಲೀಕನು ಬ್ಯಾಂಕಿನವರಿಗೆ, ಗಿರಾಕಿಗಳಿಗೆ, ಬಂಧುಗಳಿಗೆ ಒಬ್ಬೊಬ್ಬರಾಗಿ ಸಮಜಾಯಿಷಿ ಹೇಳಿಕೊಂಡು ತಿರುಗಬೇಕು.

ಇದೇ ವಾರದಲ್ಲಿ ಫಿಕ್ಕಿ ಮತ್ತು ಅಸೋಚಾಂ ಸಂಸ್ಥೆಗಳು ಬಾಂಡ್ ಸಂಖ್ಯೆಗಳ ಪ್ರಕಟಣೆಯನ್ನು ವಿರೋಧಿಸಿ ನ್ಯಾಯಾಲಯದ ಮೊರೆಹೊಕ್ಕವು. ಮಾರ್ಚ್ 18ರಂದು ನ್ಯಾಯಪೀಠವು ಅವರ ಅರಿಕೆಯನ್ನು ಆಲಿಸಲು ನಿರಾಕರಿಸಿತು. ನಿರಾಕರಿಸಿದ್ದು ಒಳ್ಳೆಯದೇ ಆಯಿತೆಂದು ನಮ್ಮ ಅಭಿಪ್ರಾಯ. ಉದ್ಯಮಿಯ ಹೆಸರಿಗೆ ಮಸಿ ಹತ್ತಿದ್ದು ಪೂರ್ಣ ಮಾಹಿತಿಯಿಂದಲ್ಲ, ಅರ್ಧ ಮಾಹಿತಿಯಿಂದ.

ಪೂರ್ಣ ಮಾಹಿತಿಯನ್ನೂ ಓದುವ ಬಗೆಯೊಂದಿದೆ. ತನಿಖಾ ಸಂಸ್ಥೆಯ ದಾಳಿಯಾದ ಕೆಲವೇ ವಾರಗಳಲ್ಲಿ ಕಂಪನಿಯೊಂದು ಬಾಂಡ್ ಕೊಂಡಿದ್ದರೆ ಸಂಶಯ ಸಹಜ; ಆದರೆ ದಿನಾಂಕಗಳ ಸಾಮೀಪ್ಯವೊಂದೇ ಲಂಚಕ್ಕೆ ಸಾಕ್ಷಿಯಾಗದು. ಅದಕ್ಕಿಂತ ಗಟ್ಟಿಯಾದ ಅಳತೆಗೋಲು ಲಾಭ-ನಷ್ಟದ ತಖ್ತೆಯಲ್ಲಿದೆ. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ನ್ನು ಮೀರಿ ಕಂಪನಿಯು ದೇಣಿಗೆ ನೀಡುವಂತಿಲ್ಲವೆಂಬ ಮಿತಿಯನ್ನು 2017ರ ಹಣಕಾಸು ಕಾಯಿದೆಯು ತೆಗೆದುಹಾಕಿತ್ತು. ಆ ತಿದ್ದುಪಡಿಯನ್ನೂ ನ್ಯಾಯಾಲಯವು ಇದೇ ತೀರ್ಪಿನಲ್ಲಿ ರದ್ದುಪಡಿಸಿದೆ. ನಷ್ಟದಲ್ಲಿರುವ ಕಂಪನಿಯು ಕೋಟಿಗಟ್ಟಲೆ ಕೊಟ್ಟಿದ್ದರೆ ಆ ಹಣ ಯಾರದು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಲಾಭದಲ್ಲಿ ಅಲ್ಪಾಂಶವನ್ನು ಚೆಕ್ಕಿನ ಮೂಲಕ ಕೊಟ್ಟವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ.

ಬಾಂಡುಗಳು ಹೋದರೂ ದೇಣಿಗೆ ನಿಂತಿಲ್ಲ. ಜನಪ್ರಾತಿನಿಧ್ಯ ಕಾಯಿದೆಯ ಪ್ರಕಾರ 20,000 ರೂಪಾಯಿ ಮೀರಿದ ದೇಣಿಗೆಗಳ ವಿವರವನ್ನು ಪಕ್ಷಗಳು ಆಯೋಗಕ್ಕೆ ಸಲ್ಲಿಸಬೇಕಾದುದು ವರ್ಷಕ್ಕೊಮ್ಮೆ, ಅದೂ ಹಣಕಾಸು ವರ್ಷ ಮುಗಿದ ಮೇಲೆ. ಏಪ್ರಿಲ್‌ನಲ್ಲಿ ಕೊಟ್ಟದ್ದು ಬೆಳಕಿಗೆ ಬರುವಷ್ಟರಲ್ಲಿ ವರ್ಷ ಕಳೆದು, ಟೆಂಡರೂ ಮುಗಿದು, ಕಾಮಗಾರಿಯ ಬಿಲ್ಲೂ ಪಾವತಿಯಾಗಿರುತ್ತದೆ! ಈ ವಿವರವು ಮೂರು ತಿಂಗಳಿಗೊಮ್ಮೆ ಪ್ರಕಟವಾಗಲಿ. ಪ್ರತಿ ಹೆಸರಿನ ಮುಂದೆ ಕಂಪನಿಯ ನೋಂದಣಿ ಸಂಖ್ಯೆಯೂ ದೇಣಿಗೆ ಕೊಟ್ಟ ದಿನಾಂಕವೂ ಇರಲಿ. ನಮ್ಮ ಸಂಸ್ಥೆಯು ಈ ಅರ್ಥದ ಮನವಿಯೊಂದನ್ನು ಆಯೋಗಕ್ಕೆ ಕಳುಹಿಸುವುದು ಉಚಿತವೆಂದು ಸದಸ್ಯರ ಗಮನಕ್ಕೆ ತರಬಯಸುತ್ತೇವೆ.