ಸದ್ದು ಮಾಡುವ ಬಟ್ಟೆ ಡ್ರೈಯರನ್ನು ಮನೆಯವರೇ ಬಿಚ್ಚಬೇಕೇ?

ಅಮೆರಿಕ ಮತ್ತು ಕೆನಡಾದ ಮನೆಗಳಲ್ಲಿ ವಾಷಿಂಗ್ ಮಷೀನಿನ ಪಕ್ಕದಲ್ಲೇ ಇರುವ ಬಟ್ಟೆ ಡ್ರೈಯರ್ ರಚನೆಯಲ್ಲಿ ಸರಳವಾದ ಯಂತ್ರ. ಅದರೊಳಗಿನ ಒಂದೇ ಮೋಟರು ತೆಳುವಾದ ಉದ್ದನೆಯ ಬೆಲ್ಟಿನ ಮೂಲಕ ಡ್ರಮ್ಮನ್ನೂ, ಸಾಮಾನ್ಯವಾಗಿ ತನ್ನದೇ ದಂಡದ ತುದಿಗೆ ಸಿಕ್ಕಿಸಿದ ಬ್ಲೋಯರ್ ಎಂಬ ಗಾಳಿಚಕ್ರವನ್ನೂ ತಿರುಗಿಸುತ್ತದೆ. ವಿದ್ಯುತ್ ಹೀಟರ್ ಅಥವಾ ಗ್ಯಾಸ್ ಬರ್ನರ್ ಕಾಯಿಸಿದ ಗಾಳಿ ಬಟ್ಟೆಗಳ ನಡುವೆ ಹಾದು, ತೇವವನ್ನೂ ಲಿಂಟ್ ಎಂದು ಕರೆಯುವ ನೂಲಿನ ಜುಂಗನ್ನೂ ಹೊತ್ತುಕೊಂಡು ಕೊಳವೆಯ ಮೂಲಕ ಗೋಡೆಯಾಚೆ ಹೊರಬೀಳುತ್ತದೆ. ವರ್ಷಗಳ ಬಳಕೆಯ ನಂತರ ಈ ಯಂತ್ರ ಕಿರುಗುಟ್ಟಲು ಅಥವಾ ದಡಬಡಿಸಲು ತೊಡಗುತ್ತದೆ, ಇಲ್ಲವೇ ಮೋಟರು ಗುಂಯ್‌ಗುಟ್ಟಿದರೂ ಡ್ರಮ್ ತಿರುಗದೆ ನಿಲ್ಲುತ್ತದೆ. ಆಗ ಮನೆಯವರೇ ಅದನ್ನು ಬಿಚ್ಚಿ ಸರಿಪಡಿಸುವುದು ಯುಕ್ತವೇ ಎಂಬ ಪ್ರಶ್ನೆಗೆ ಎರಡು ಕಡೆಯಿಂದಲೂ ಗಟ್ಟಿಯಾದ ವಾದಗಳಿವೆ.

ಪರ

ಮನೆಯ ರಿಪೇರಿಯನ್ನು ಸಮರ್ಥಿಸುವವರ ಮೊದಲ ಮಾತು, ಈ ಯಂತ್ರದ ದೋಷ ತನ್ನ ನೆಲೆಯನ್ನು ಸದ್ದಿನಿಂದಲೇ ತೋರಿಸಿಕೊಡುತ್ತದೆ ಎಂಬುದು. ಸಾಮಾನ್ಯ ಅಮೆರಿಕನ್ ಡ್ರೈಯರಿನಲ್ಲಿ ಮೋಟರು ನಿಮಿಷಕ್ಕೆ ಸುಮಾರು 1,725 ಸುತ್ತು ತಿರುಗಿದರೆ ಡ್ರಮ್ ಸುಮಾರು 50 ಸುತ್ತು ಮಾತ್ರ ತಿರುಗುತ್ತದೆ. ಡ್ರಮ್ಮಿನ ಭಾರ ಹೊರುವ ಸಣ್ಣ ಗಾಲಿಗಳ, ಅಂದರೆ ರೋಲರುಗಳ ವೇಗ ಇವೆರಡರ ನಡುವೆ ಇರುತ್ತದೆ. ಆದ್ದರಿಂದ ಸದ್ದು ಎಷ್ಟು ಜೋರಾಗಿದೆ ಎಂಬುದಕ್ಕಿಂತ ಅದರ ಲಯ ಎಂಥದು ಎಂಬುದೇ ಮುಖ್ಯ. ಡ್ರಮ್ಮಿನ ಪ್ರತಿ ಸುತ್ತಿಗೆ ಒಮ್ಮೆ ಕೇಳುವ ಬಡಿತ ಡ್ರಮ್ಮಿಗೇ ಸೇರಿದ ದೋಷವನ್ನು, ಉದಾಹರಣೆಗೆ ಬಟ್ಟೆಯನ್ನು ಎತ್ತಿ ಬೀಳಿಸುವ ಒಳಗಿನ ರೆಕ್ಕೆ ಸಡಿಲಾಗಿರುವುದನ್ನು ಸೂಚಿಸುತ್ತದೆ. ಒಂದು ಸುತ್ತು ಮುಗಿಯುವುದರೊಳಗೆ ಹಲವು ಸಲ ಕೇಳುವ ದಡದಡ ಸವೆದು ಚಪ್ಪಟೆಯಾದ ರೋಲರಿನದಾದರೆ, ಬಿಟ್ಟೂ ಬಿಡದ ಗಡಗಡ ಸಡಿಲಾದ ಬ್ಲೋಯರಿನದೋ ಅದರೊಳಗೆ ಸೇರಿಕೊಂಡ ನಾಣ್ಯದ್ದೋ ಆಗಿರುತ್ತದೆ. ಸಿಳ್ಳೆಯಂಥ ಕಿರುಗುಡುವಿಕೆ ಬಹುಮಟ್ಟಿಗೆ ಐಡ್ಲರ್ ಪುಲ್ಲಿಯಿಂದ, ಎಂದರೆ ಬೆಲ್ಟನ್ನು ಒತ್ತಿ ಬಿಗಿಯಾಗಿಡುವ ರಾಟೆಯಿಂದ ಬರುತ್ತದೆ. ಲೋಹಕ್ಕೆ ಲೋಹ ಉಜ್ಜುವ ಕರಕರ ಸದ್ದು, ಡ್ರಮ್ಮಿನ ಮುಂಭಾಗ ಜಾರಲು ಅನುವಾಗುವ ಗ್ಲೈಡ್ ಎಂಬ ಪ್ಲಾಸ್ಟಿಕ್ ಪಟ್ಟಿಗಳು ಸವೆದುಹೋಗಿವೆ ಎಂಬುದಕ್ಕೆ ಗುರುತು. ಬಹುಕಾಲ ಬಳಸದ ಡ್ರೈಯರಿನಲ್ಲಿ ಒಂದೇ ಕಡೆ ಒತ್ತಿಕೊಂಡಿದ್ದ ರೋಲರುಗಳು ಮೊದಲ ಕೆಲವು ನಿಮಿಷ ಬಡಿದು ತಾವೇ ಸುಮ್ಮನಾಗುವುದೂ ಉಂಟು, ಅದು ದೋಷವೇ ಅಲ್ಲ.

ಡ್ರಮ್ ತಿರುಗದೇ ಇದ್ದಾಗಿನ ಪರೀಕ್ಷೆ ಇನ್ನೂ ಸುಲಭವಾದದ್ದು. ಪ್ಲಗ್ ಕಿತ್ತು, ಬಾಗಿಲು ತೆಗೆದು, ಖಾಲಿ ಡ್ರಮ್ಮನ್ನು ಕೈಯಿಂದ ತಿರುಗಿಸಿದಾಗ ಅದು ಯಾವ ಹಿಡಿತವೂ ಇಲ್ಲದೆ ಸಲೀಸಾಗಿ ತಿರುಗಿದರೆ ಬೆಲ್ಟ್ ಹರಿದಿದೆ ಅಥವಾ ಜಾರಿದೆ ಎಂದೇ ತಿಳಿಯಬೇಕು. ಕೈಗೆ ಭಾರವಾಗಿ ಸಿಕ್ಕಿಕೊಂಡರೆ ರೋಲರ್ ಹಿಡಿದುಕೊಂಡಿದೆ ಅಥವಾ ಡ್ರಮ್ಮಿನ ಅಂಚಿನಲ್ಲಿ ಬಟ್ಟೆ ಸಿಲುಕಿದೆ. ಗುಂಡಿ ಒತ್ತಿದಾಗ ಯಂತ್ರ ಪೂರ್ತಿ ಮೌನವಾಗಿದ್ದರೆ ಮಾತ್ರ ಶೋಧ ಬೇರೆ ದಿಕ್ಕಿಗೆ ಹೊರಳುತ್ತದೆ: ಬಾಗಿಲಿನ ಸ್ವಿಚ್, ಮಿತಿಮೀರಿದ ಬಿಸಿಗೆ ಒಮ್ಮೆ ಸುಟ್ಟು ಸಂಪರ್ಕ ಕಡಿಯುವ ಥರ್ಮಲ್ ಫ್ಯೂಸ್, ಕೆಲವು ಮಾದರಿಗಳಲ್ಲಿ ಬೆಲ್ಟ್ ಹರಿದಾಗ ಮೋಟರನ್ನೇ ತಡೆಯುವ ಸ್ವಿಚ್, ಇವುಗಳಲ್ಲಿ ಯಾವುದು ಕೆಟ್ಟಿದೆ ಎಂಬುದನ್ನು ವಿದ್ಯುತ್ ಸಂಪರ್ಕ ತೆಗೆದ ಸ್ಥಿತಿಯಲ್ಲೇ ಮಲ್ಟಿಮೀಟರಿನಿಂದ ಅಳೆದು ನೋಡಬಹುದು. ಬೆಲ್ಟ್ ಬದಲಿಸುವಾಗ ಹಳೆಯದು ಮೋಟರು ಮತ್ತು ಐಡ್ಲರಿನ ನಡುವೆ ಹಾದುಹೋದ ದಾರಿಯ ಫೋಟೋ ತೆಗೆದಿಟ್ಟುಕೊಂಡು, ಹೊಸದರ ಗೀರುಗಳಿರುವ ಮುಖ ಡ್ರಮ್ಮಿಗೆ ತಾಗುವಂತೆ ಹಾಕಿದರೆ, ಇಡೀ ಕೆಲಸಕ್ಕೆ ತಾಳ್ಮೆಯ ಹೊರತು ಅಪರೂಪದ ಕೌಶಲವೇನೂ ಬೇಕಾಗುವುದಿಲ್ಲ. ಬೆಲ್ಟ್, ರೋಲರ್, ಐಡ್ಲರ್ ಸವೆಯಲೆಂದೇ ಇರುವ ಭಾಗಗಳಾಗಿದ್ದು, ಇವುಗಳಿಗಾಗಿ ಇಡೀ ಯಂತ್ರವನ್ನು ಕಸಕ್ಕೆ ಹಾಕುವುದು ಹಣಕ್ಕೂ ಲೋಹಕ್ಕೂ ನಷ್ಟ.

ಈ ಪಕ್ಷದ ಅತ್ಯಂತ ತೂಕದ ವಾದ ಉಳಿತಾಯದ್ದಲ್ಲ, ಬೆಂಕಿಯದ್ದು. ಅಮೆರಿಕದ ಕೇಂದ್ರ ಅಗ್ನಿಶಾಮಕ ಆಡಳಿತದ 2008ರಿಂದ 2010ರವರೆಗಿನ ಅಂದಾಜಿನ ಪ್ರಕಾರ ಆ ದೇಶದ ವಸತಿ ಕಟ್ಟಡಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಅನಾಹುತಗಳು ಸಂಭವಿಸುತ್ತಿದ್ದವು ಮತ್ತು ಅವುಗಳಲ್ಲಿ ಶೇ. 34ರಷ್ಟಕ್ಕೆ, ಬೇರೆಲ್ಲ ಕಾರಣಗಳಿಗಿಂತ ಹೆಚ್ಚಾಗಿ, ಶುಚಿಗೊಳಿಸದಿರುವುದೇ ಕಾರಣವಾಗಿತ್ತು. ಬಾಗಿಲ ಬಳಿಯ ಲಿಂಟ್ ಜಾಲರಿಯನ್ನು ದಿನವೂ ಶುಚಿಗೊಳಿಸುವವರಿಗೂ ಡ್ರಮ್ಮಿನ ಕೆಳಗೆ, ಮೋಟರಿನ ಸುತ್ತ, ಹೀಟರಿನ ಪಕ್ಕದಲ್ಲಿ ಕೂಡಿಕೊಂಡ ಲಿಂಟ್ ಕಾಣುವುದಿಲ್ಲ. ಅದು ಕಾಣುವುದು ಪೆಟ್ಟಿಗೆ ಬಿಚ್ಚಿದಾಗ ಮಾತ್ರ. ಬೆಲ್ಟಿಗಾಗಿ ಯಂತ್ರ ತೆರೆದ ಮನೆಯವರು ಅದೇ ನೆಪದಲ್ಲಿ ಈ ಜುಂಗನ್ನೆಲ್ಲ ವ್ಯಾಕ್ಯೂಮ್‌ನಿಂದ ಎಳೆದು ತೆಗೆಯುತ್ತಾರೆ, ಮತ್ತು ತಮ್ಮ ಯಂತ್ರದ ಒಳಗನ್ನು ಒಮ್ಮೆ ನೋಡಿದವರು ಮುಂದೆ ಅದರ ಹೊಸ ಸದ್ದನ್ನೂ ಸುಟ್ಟ ವಾಸನೆಯನ್ನೂ ಕಡೆಗಣಿಸುವ ಸಂಭವ ಕಡಿಮೆ.

ಕಾನೂನೂ ಈ ಕಡೆಗೆ ವಾಲುತ್ತಿದೆ. 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾಯ್ದೆಯಂತೆ, ಬೇರೆ ಕಂಪನಿಯ ಬಿಡಿಭಾಗ ಹಾಕಿದ ಒಂದೇ ಕಾರಣಕ್ಕೆ ತಯಾರಕರು ವಾರಂಟಿಯನ್ನು ರದ್ದುಮಾಡುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯ ಮತ್ತು ಮಿನ್ನೆಸೋಟ ರಾಜ್ಯಗಳ ರಿಪೇರಿ ಹಕ್ಕಿನ ಕಾನೂನುಗಳು ಗೃಹೋಪಕರಣಗಳ ಬಿಡಿಭಾಗ ಮತ್ತು ಕೈಪಿಡಿಗಳನ್ನು ಗ್ರಾಹಕರಿಗೂ ಒದಗಿಸುವಂತೆ ವಿಧಿಸುತ್ತವೆ.

ವಿರೋಧ

ವಿರೋಧಿಸುವವರು ಮನೆಯವರ ಬುದ್ಧಿಯನ್ನಾಗಲಿ ಕೈಯನ್ನಾಗಲಿ ಸಂಶಯಿಸುವುದಿಲ್ಲ. ತಿರುಗುವ ಭಾಗಗಳೂ ಕಾಯುವ ಭಾಗಗಳೂ ಒಂದೇ ಪೆಟ್ಟಿಗೆಯಲ್ಲಿವೆ, ಒಂದನ್ನು ಮುಟ್ಟಿದವರು ಇನ್ನೊಂದರ ಹತ್ತಿರ ಬಂದೇ ಬರುತ್ತಾರೆ ಎನ್ನುತ್ತಾರೆ. ಅಮೆರಿಕದ ವಿದ್ಯುತ್ ಡ್ರೈಯರ್ 240 ವೋಲ್ಟ್, 30 ಆಂಪಿಯರ್ ಸಂಪರ್ಕದಿಂದ ನಡೆಯುತ್ತದೆ. ಅದರ ಮೋಟರು ಸಾಮಾನ್ಯವಾಗಿ 120 ವೋಲ್ಟಿನಲ್ಲೂ ಹೀಟರ್ 240 ವೋಲ್ಟಿನಲ್ಲೂ ಕೆಲಸ ಮಾಡುತ್ತವೆ, ಮತ್ತು ಹಲವು ಮಾದರಿಗಳಲ್ಲಿ ಹೀಟರಿಗೆ ಹೋಗುವ ಎರಡು ತಂತಿಗಳಲ್ಲಿ ಒಂದಕ್ಕೆ ಮಾತ್ರ ಸ್ವಿಚ್ ಇರುವುದರಿಂದ, ಡ್ರಮ್ ನಿಂತು ಯಂತ್ರ ಸತ್ತಂತೆ ಕಂಡಾಗಲೂ ಹೀಟರಿನ ತುದಿಯಲ್ಲಿ ಪ್ರಾಣ ತೆಗೆಯುವ ವಿದ್ಯುತ್ ಇರಬಲ್ಲದು. ಪ್ಲಗ್ ಕಿತ್ತರೆ ಈ ಭಯವಿಲ್ಲ ಎಂಬ ಉತ್ತರ ಸರಿಯಾದದ್ದೇ. ಆದರೆ ಸದ್ದಿನ ಮೂಲ ಹುಡುಕುವವರು ಹೊದಿಕೆ ತೆಗೆದ ಯಂತ್ರವನ್ನೇ ಬಾಗಿಲ ಸ್ವಿಚ್ಚನ್ನು ಒತ್ತಿಹಿಡಿದು ಓಡಿಸಿ ನೋಡುವ ಆಸೆಗೆ ಬೀಳುತ್ತಾರೆ, ಅಪಾಯವಿರುವುದು ಅಲ್ಲಿ.

ಗ್ಯಾಸ್ ಡ್ರೈಯರಿನಲ್ಲಿ ಬಿಚ್ಚುವುದಕ್ಕಿಂತ ಮೊದಲೇ, ಯಂತ್ರವನ್ನು ಗೋಡೆಯಿಂದ ಈಚೆಗೆ ಎಳೆಯುವಾಗಲೇ ಬಳುಕುವ ಅನಿಲಕೊಳವೆ ಜಗ್ಗಿ ಅದರ ಕೀಲು ಸಡಿಲಾಗಬಹುದು. ಆ ಕೀಲಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡದೆ ಯಂತ್ರವನ್ನು ಹಿಂದಕ್ಕೆ ತಳ್ಳುವುದು ಅಕ್ಷಮ್ಯ. ಈಚಿನ ಹೀಟ್ ಪಂಪ್ ಡ್ರೈಯರುಗಳಲ್ಲಿ ಫ್ರಿಜ್ಜಿನಲ್ಲಿರುವಂತೆ ಶೀತಕ ಅನಿಲದ ಮುಚ್ಚಿದ ಕೊಳವೆಗಳಿದ್ದು, ಕೆಲವದರಲ್ಲಿ ಆ ಶೀತಕ ಸುಲಭವಾಗಿ ಹೊತ್ತಿಕೊಳ್ಳುವ ಪ್ರೊಪೇನ್ ಆಗಿರುವುದರಿಂದ, ಹಳೆಯ ಯಂತ್ರದ ಪಾಠ ಅಲ್ಲಿ ನಡೆಯುವುದಿಲ್ಲ.

ಇನ್ನು ಯಂತ್ರ ಯಾರದು ಎಂಬ ಪ್ರಶ್ನೆಯಿದೆ. ಕರ್ನಾಟಕದಿಂದ ನೌಕರಿಗೆಂದು ಹೋಗಿ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ನೆಲೆಸುವ ಅನೇಕ ಕುಟುಂಬಗಳ ಮನೆಯಲ್ಲಿ ಡ್ರೈಯರ್ ಕಟ್ಟಡದ ಮಾಲೀಕರಿಗೆ ಸೇರಿದ್ದಾಗಿರುತ್ತದೆ. ಮಾಳಿಗೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸಿ ರೂಢಿಯಾದವರಿಗೆ ಈ ಯಂತ್ರ ಹೊಸದಾಗಿದ್ದರೂ ಅದರ ರಿಪೇರಿ ಬಹುಮಟ್ಟಿಗೆ ಮಾಲೀಕರ ಹೊಣೆಯೇ ಆಗಿರುತ್ತದೆ. ಬಾಡಿಗೆದಾರರು ಬಿಚ್ಚಿದ ಯಂತ್ರದಿಂದ ಬೆಂಕಿ ಹೊತ್ತಿದರೆ ಆ ಹೊಣೆ ಯಾರ ತಲೆಗೆ ಬರುತ್ತದೆ ಎಂಬುದನ್ನು ಮೊದಲೇ ಯೋಚಿಸಬೇಕು. ಈ ಮಾತಿಗೆ ಪರವಾದಿಗಳಲ್ಲಿ ಸಮರ್ಪಕ ಉತ್ತರವಿಲ್ಲ.

ಸದ್ದು ಎಲ್ಲವನ್ನೂ ಹೇಳುತ್ತದೆ ಎಂಬ ನಂಬಿಕೆಗೂ ಮಿತಿಯಿದೆ. 2016ರ ಆಗಸ್ಟಿನಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್‌ನ ಬಹುಮಹಡಿ ಕಟ್ಟಡಕ್ಕೆ ಹೊತ್ತಿದ ಬೆಂಕಿ ಡ್ರೈಯರಿನಿಂದ ಆರಂಭವಾಗಿತ್ತು; ಬ್ರಿಟನ್ನಿನಲ್ಲಿ ಮಾರಾಟವಾಗಿದ್ದ ಕೆಲವು ಮಾದರಿಗಳಲ್ಲಿ ಲಿಂಟ್ ಹೀಟರನ್ನು ತಾಗಿ ಹೊತ್ತಿಕೊಳ್ಳುವ ವಿನ್ಯಾಸದೋಷವಿದ್ದ ಕಾರಣ 2019ರಲ್ಲಿ ದೊಡ್ಡ ಪ್ರಮಾಣದಲ್ಲಿ ಅವುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅಂಥ ದೋಷಕ್ಕೆ ಸದ್ದೇ ಇರುವುದಿಲ್ಲ. ಮಾದರಿ ಸಂಖ್ಯೆಯನ್ನು ಸುರಕ್ಷತಾ ಪಟ್ಟಿಯಲ್ಲಿ ಹುಡುಕಿದಾಗ ಮಾತ್ರ ಅದು ತಿಳಿಯುತ್ತದೆ.

ಕೊನೆಯದಾಗಿ, ಕೆಟ್ಟ ಭಾಗ ಬದಲಿಸುವುದು ಬೇರೆ, ಅದು ಕೆಟ್ಟ ಕಾರಣವನ್ನು ಹೋಗಲಾಡಿಸುವುದು ಬೇರೆ. ಹಿಡಿದುಕೊಂಡ ರೋಲರನ್ನು ಬಿಟ್ಟು ಬೆಲ್ಟನ್ನಷ್ಟೇ ಹಾಕಿದರೆ ಹೊಸ ಬೆಲ್ಟೂ ಬೇಗ ಹರಿಯುತ್ತದೆ. ಸುಟ್ಟ ಥರ್ಮಲ್ ಫ್ಯೂಸಿನ ಹಿಂದೆ ಬಹುಪಾಲು ಕಟ್ಟಿಕೊಂಡ ಗಾಳಿಕೊಳವೆ ಇರುತ್ತದೆ, ಮತ್ತು ಆ ಫ್ಯೂಸನ್ನು ತಂತಿಯಿಂದ ದಾಟಿಸಿ ಯಂತ್ರ ಓಡಿಸುವವರು ಬೆಂಕಿಗೂ ಮನೆಗೂ ನಡುವೆ ಇದ್ದ ಒಂದು ತಡೆಯನ್ನು ಕಿತ್ತುಹಾಕುತ್ತಾರೆ. ಬಿಚ್ಚಿದ ಯಂತ್ರವನ್ನು ಮತ್ತೆ ಗೋಡೆಗೆ ತಳ್ಳುವಾಗ ಹಿಂದಿನ ಕೊಳವೆ ಜಜ್ಜಿಹೋಗುವುದು ಸಾಮಾನ್ಯ. ಅಮೆರಿಕದ ವಸತಿ ನಿರ್ಮಾಣ ಸಂಹಿತೆ ಈ ಕೊಳವೆಗೆ 4 ಇಂಚು ವ್ಯಾಸವನ್ನೂ ಸಾಮಾನ್ಯವಾಗಿ 35 ಅಡಿಯ ಗರಿಷ್ಠ ಉದ್ದವನ್ನೂ ನಿಗದಿಪಡಿಸಿ, ಮಾಮೂಲಿನ ಪ್ರತಿ 90 ಡಿಗ್ರಿ ತಿರುವಿಗೆ 5 ಅಡಿ ಕಳೆಯುತ್ತದೆ. ಜಜ್ಜಿದ ಒಂದು ಕಡೆಯಿಂದಲೇ ಈ ಲೆಕ್ಕವೆಲ್ಲ ಹಾಳಾಗುತ್ತದೆ. ಡ್ರಮ್ ಸದ್ದಿಲ್ಲದೆ ತಿರುಗಿದ ಕೂಡಲೇ ಕೆಲಸ ಮುಗಿಯಿತೆಂದು ಎದ್ದುಬಿಡುವವರು ಹೊರಗೋಡೆಯ ಬಳಿಗೆ ಹೋಗಿ, ಡ್ರೈಯರ್ ಓಡುತ್ತಿರುವಾಗ ಕೊಳವೆಯ ಬಾಯಿಯ ಮುಚ್ಚಳ ಪೂರ್ತಿ ತೆರೆದು ಬಿಸಿಗಾಳಿ ರಭಸದಿಂದ ಬರುತ್ತಿದೆಯೇ ಎಂದು ಕೈಯೊಡ್ಡಿ ನೋಡಿರುವುದಿಲ್ಲ.